ಮಾತಾಡದ ನಾಯಕ: ಬಳಕೆಗೆ ಮುನ್ನ ಓದಿ

ಮೊದಲ ತಪಾಸಣೆ. ನಿಮ್ಮ ಮಾಯಾಲೋಕದ ಕಾದಂಬರಿಯಲ್ಲಿ ಆಟಿಸಂ ಇರುವ, ದಿನಕ್ಕೆ ಒಂದೆರಡು ಶಬ್ದ ಆಡಿದರೆ ಹೆಚ್ಚು ಎನ್ನುವಂಥ ಹುಡುಗನಿದ್ದಾನೆ. ಅವನಿಗೆ ತ್ರಿಕಾಲಜ್ಞಾನ ಕೊಟ್ಟಿದ್ದರೆ ಕೂಡಲೇ ವಾಪಸ್ ಇಸಿದುಕೊಳ್ಳಿ. ಕೊನೆಯ ಅಧ್ಯಾಯದಲ್ಲಿ ಋಷಿ ಕಮಂಡಲದ ನೀರು ಚಿಮುಕಿಸಿ, ಹುಡುಗ ‘ಅಮ್ಮಾ’ ಎನ್ನುವುದಿದ್ದರೆ ಆ ಹಾಳೆ ಹರಿಯಿರಿ. ಓದುಗರಿಗೆ ಕಣ್ಣೀರು ಬರುತ್ತದೆ, ನಿಜ. ಉಳ್ಳಾಗಡ್ಡಿ ಹೆಚ್ಚಿದರೂ ಬರುತ್ತದೆ.

ಪರೀಕ್ಷಾ ಓಡಾಟ. ಕಾಡು, ಕೋಟೆಗೆ ಕಳಿಸುವ ಮೊದಲು ಅವನನ್ನು ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ, ಸವಾಯಿ ಗಂಧರ್ವ ಸಭಾಂಗಣದ ಹೊರಗೆ ಒಂದು ಸಂಜೆ ಅಡ್ಡಾಡಿಸಿ. ಆಟೊ ಹಾರ್ನು, ಮಿರ್ಚಿ ಕರಿಯುವ ಘಾಟು, ಒಳಗಿಂದ ತಂಬೂರಿಯ ಶ್ರುತಿ. ಯಾವುದಕ್ಕೆ ಕಿವಿ ಮುಚ್ಚುತ್ತಾನೆ, ಯಾವುದರ ಹತ್ತಿರ ಹೋಗಿ ನಿಂತುಬಿಡುತ್ತಾನೆ? ಗೊತ್ತಿಲ್ಲದಿದ್ದರೆ ಪಾತ್ರ ಇನ್ನೂ ಡಬ್ಬಿಯಲ್ಲೇ ಇದೆ. ಈಗ ಒಬ್ಬ ಅಜ್ಜಿ ಬರಲಿ. ‘ಯಾಕೋ ತಮ್ಮಾ, ಮಾತಾಡಂಗಿಲ್ಲೇನು?’ ಅಂದವಳು, ಉತ್ತರಕ್ಕೂ ಕಾಯದೆ ತಾಯಿಯತ್ತ ತಿರುಗಿ, ‘ಇವಂಗ ನಾ ಅಂದದ್ದು ತಿಳಿತೈತೇನವಾ?’ ಎನ್ನಲಿ. ತಿಳಿದಿದೆ. ಅಜ್ಜಿಯ ಕೈಯೊಳಗಿನ ಗಿರ್ಮಿಟ್ ಪೊಟ್ಟಣ ಕಸಿದುಕೊಂಡು ಹೋಗಲಿ ಅವನು. ಹಟ, ಆಸೆ, ಸಿಟ್ಟು ಇಲ್ಲದವನು ದೇವರ ಫೋಟೊ ಆಗುತ್ತಾನೆ, ನಾಯಕನಾಗುವುದಿಲ್ಲ.

ಜೊತೆಗಿರಬೇಕಾದ ಪುಸ್ತಕ: ತಮಗೂ ಆಟಿಸಂ ಇರುವ ಟಿಟೊ ರಾಜರ್ಷಿ ಮುಖೋಪಾಧ್ಯಾಯರ ‘ಬಿಯಾಂಡ್ ದ ಸೈಲೆನ್ಸ್’ (2000). 1989ರಲ್ಲಿ ಹುಟ್ಟಿದ ಟಿಟೊ ಬಾಲ್ಯದಲ್ಲಿ ಮೈಸೂರು, ಬೆಂಗಳೂರಲ್ಲಿದ್ದವರು. ಎಂಟರಿಂದ ಹನ್ನೊಂದರ ವಯಸ್ಸಿನಲ್ಲಿ ಬರೆದದ್ದು ಆ ಪುಸ್ತಕವಾಯಿತು. ಮೈ ಚೂರುಚೂರಾಗಿ ಚದುರಿದಂತೆ ಅನಿಸಿದಾಗ ಗಿರಗಿರ ತಿರುಗಿ ಒಟ್ಟುಗೂಡಿಸಿಕೊಳ್ಳುತ್ತಿದ್ದುದನ್ನು ಅವರು ಹೇಳುತ್ತಾರೆ. ಹಾಗಾಗಿ ನಿಮ್ಮ ಹುಡುಗನಿಗೆ ‘ವಿಚಿತ್ರವಾಗಿ’ ಕೈ ಬಡಿಸುವ ಮುನ್ನ, ಆ ಕೈಗೆ ಏನು ಕೆಲಸವೆಂದು ಯೋಚಿಸಿ.

ಎಚ್ಚರಿಕೆ. ಟಿಟೊ ಅವರಿಗೆ ತಾಯಿ ಸೋಮಾ ಅಕ್ಷರದ ಹಲಗೆ ಹಿಡಿದು ಕಲಿಸಿದ ಪದ್ಧತಿಯ ಬಗ್ಗೆ ಜಗಳವಿದೆ. ಹಲಗೆ ಹಿಡಿದವರ ಮಾತೇ ಮಗುವಿನ ಮಾತಾಗಿಬಿಡಬಹುದೆಂದು ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘ 2018ರಲ್ಲಿ ಎಚ್ಚರಿಸಿತು. (ಟಿಟೊ ಸ್ವತಃ ಪೆನ್ಸಿಲ್ ಹಿಡಿದು ಬರೆಯುವವರು.) ಕಾದಂಬರಿಕಾರರಿಗಂತೂ ಇದು ಕೂತು ಉಣ್ಣುವಷ್ಟು ಸರಕು: ರಾಜಕುಮಾರನ ‘ಬಾಯಿ’ಯಾಗಿ ವರ್ಷಾನುಗಟ್ಟಲೆ ರಾಜ್ಯವಾಳಿದ ಒಬ್ಬ ಮಂತ್ರಿ.

ಮಂತ್ರಶಕ್ತಿಯ ಜೋಡಣೆ. ಇಲ್ಲೇ ಹೆಚ್ಚಿನವರು ಮುಗ್ಗರಿಸುವುದು. ನಮ್ಮಲ್ಲಿ ಶಾಪ, ವರ, ಮಂತ್ರ ಎಲ್ಲಕ್ಕೂ ನಾಲಿಗೆಯೇ ಬೇಕು. ಕುಂಭಕರ್ಣನ ನಾಲಿಗೆ ತೊಡರಿದ್ದಕ್ಕೆ ಇಂದ್ರಾಸನ ಹೋಗಿ ನಿದ್ರೆ ಬಂತಂತೆ. ಅಂಥ ಲೋಕದಲ್ಲಿ ನಿಮ್ಮ ಹುಡುಗ ಒಂದು ಹಣತೆಯನ್ನೂ ಹೊತ್ತಿಸಲಾರ, ಮತ್ತು ಆ ಕಾನೂನು ಮಾಡಿದವರು ನೀವೇ. ಮಂತ್ರ ರಂಗೋಲಿಯ ಚುಕ್ಕಿಯಲ್ಲೂ ಕೆಲಸ ಮಾಡಲಿ, ಕೈಮುದ್ರೆಯಲ್ಲೂ ಮಾಡಲಿ. ಚಿತ್ರದ ಬಿಲ್ಲೆಗಳ ಒಂದು ಸರ ಕೊಟ್ಟರೂ ಸರಿ, ಬೆರಳಿಟ್ಟು ತೋರಿಸಲಿ. ಆದರೆ ಬೇಗ ಬೇಗ ಬೇಡ.

ತುರ್ತು ಸಂದರ್ಭ. ರಾಕ್ಷಸ ಬಾಗಿಲು ಒಡೆಯುತ್ತಿದ್ದಾನೆ, ಹುಡುಗ ಇನ್ನೂ ಮೂರನೇ ಬಿಲ್ಲೆ ಹುಡುಕುತ್ತಿದ್ದಾನೆ. ಪಕ್ಕದ ವೀರನೊಬ್ಬ ನಾಲ್ಕನೆಯದನ್ನು ತಾನೇ ಊಹಿಸಿ ವಾಕ್ಯ ಮುಗಿಸಲು ಹೋದರೆ ಅವನ ಬಾಯಿ ಮುಚ್ಚಿಸಿ. ಬಾಗಿಲು ಹೇಗೂ ನಿಮ್ಮದು. ಇನ್ನೊಂದು ಪುಟ ತಡೆಯುವಷ್ಟು ಗಟ್ಟಿ ಮರದಲ್ಲಿ ಮಾಡಿಸಿ.