ಎರರ್ 678 ಅವರ ಸನ್ನಿಧಾನಕ್ಕೆ ಒಂದು ಬಹಿರಂಗ ಪತ್ರ

ಇವರಿಗೆ,
ಶ್ರೀಯುತ ಎರರ್ 678 ಅವರು,
ಡಯಲ್-ಅಪ್ ನೆಟ್‌ವರ್ಕಿಂಗ್ ವಿಭಾಗ,
ವಿಂಡೋಸ್ 98.

ಮಾನ್ಯರೇ,

ವಿಷಯ: ತಮ್ಮ ವಯೋನಿವೃತ್ತಿಗೆ ಅಭಿನಂದನೆ ಹಾಗೂ ತಮ್ಮ ಅವಧಿಯಲ್ಲಿ ವಿಲೇವಾರಿಯಾಗದೆ ಉಳಿದ ದೂರುಗಳ ಬಗ್ಗೆ.

ಉಲ್ಲೇಖ: ಅಮೆರಿಕದ ಎಒಎಲ್ ಕಂಪನಿಯು ದಿನಾಂಕ 30-09-2025ರಂದು ತನ್ನ ಡಯಲ್-ಅಪ್ ಸೇವೆಯನ್ನು ಮುಚ್ಚಿದ ಪ್ರಕಟಣೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಡಯಲ್-ಅಪ್ ಇನ್ನೂ ಉಸಿರಾಡುತ್ತಿತ್ತು ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಾದದ್ದೇ ಅದು ಮುಚ್ಚಿದ ಸುದ್ದಿಯಿಂದ. ಶಾಲು, ಹಾರ, ಫಲತಾಂಬೂಲಗಳೊಂದಿಗೆ ತಮ್ಮನ್ನು ಬೀಳ್ಕೊಡೋಣವೆಂದರೆ ತಮ್ಮ ವಿಳಾಸ ಯಾರ ಬಳಿಯೂ ಇಲ್ಲ. ಇರುವುದು ನಂಬರು ಮಾತ್ರ. ಹಾಗಾಗಿ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯಬೇಕಾಗಿದೆ.

ತಮ್ಮ ಇಲಾಖೆಗೆ ನಮ್ಮ ದೇಶದಲ್ಲಿ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಾಗ. ಸ್ವಾತಂತ್ರ್ಯೋತ್ಸವದ ದಿನವನ್ನೇ ಆರಿಸಿಕೊಂಡವರ ಹಾಸ್ಯಪ್ರಜ್ಞೆ ದೊಡ್ಡದು. ಚಿತ್ರ ಸಮೇತ ಜಾಲ ನೋಡುವ ಖಾತೆಗೆ 250 ಗಂಟೆಗೆ 15,000 ರೂಪಾಯಿ. ವಿದ್ಯಾರ್ಥಿಗಳಿಗಾದರೆ 500 ರೂಪಾಯಿ, ಆದರೆ ಕಪ್ಪು ಪರದೆಯ ಮೇಲೆ ಬರೀ ಅಕ್ಷರ. 1998ರ ಕೊನೆಗೆ ಖಾಸಗಿ ಕಂಪನಿಗಳಿಗೂ ಅನುಮತಿ ಸಿಕ್ಕಿತು, ದರ ಇಳಿಯಿತು, ಸಿ.ಡಿ. ಕವರಿನೊಳಗೆ ಗಂಟೆಲೆಕ್ಕದ ಇಂಟರ್‌ನೆಟ್ ಪುಸ್ತಕದಂಗಡಿಗಳಲ್ಲೂ ಸಿಗತೊಡಗಿತು. ನಮ್ಮಂಥ ಮಲೆನಾಡಿನ ತಾಲ್ಲೂಕು ಊರುಗಳವರಿಗೆ ತಮ್ಮ ದರ್ಶನಭಾಗ್ಯ ಒದಗಿದ್ದು ಅದಾದ ಮೇಲೆಯೇ.

ದರ್ಶನ ಎಂದೆ. ಬೂದುಬಣ್ಣದ ಒಂದು ಪುಟ್ಟ ಚೌಕ, ಅದರೊಳಗೆ ತಮ್ಮ ನಂಬರು, ಪಕ್ಕದಲ್ಲಿ ಒಂದು ಸಾಲು: ನೀವು ಕರೆಯುತ್ತಿರುವ ಕಂಪ್ಯೂಟರು ಉತ್ತರಿಸುತ್ತಿಲ್ಲ, ಆಮೇಲೆ ಪ್ರಯತ್ನಿಸಿ. ಯಾಕೆ ಉತ್ತರಿಸುತ್ತಿಲ್ಲ, ತಪ್ಪು ಯಾರದು, ಆಮೇಲೆ ಎಂದರೆ ಯಾವಾಗ ಎಂಬ ಯಾವ ವಿವರಕ್ಕೂ ತಾವು ಇಳಿದವರಲ್ಲ. ‘ಸಾಹೇಬರು ಸೀಟಿನಲ್ಲಿಲ್ಲ, ನಾಳೆ ಬನ್ನಿ’ ಎಂದು ತಾಲ್ಲೂಕು ಕಚೇರಿಯ ಜವಾನ ಹೇಳುವ ಮಾತನ್ನು ಒಂದು ತಂತ್ರಾಂಶಕ್ಕೆ ಇಷ್ಟು ಚೊಕ್ಕಟವಾಗಿ ಕಲಿಸಿದ ಮಹಾನುಭಾವರು ಯಾರೋ, ಅವರಿಗೆ ನಮೋನಮಃ.

ತಮ್ಮ ಸಹೋದ್ಯೋಗಿಗಳು ಇಷ್ಟು ನಿಗೂಢರಾಗಿರಲಿಲ್ಲ ಎಂಬುದನ್ನೂ ಇಲ್ಲಿ ದಾಖಲಿಸಬೇಕು. 680 ಬಂದರೆ ಡಯಲ್ ಟೋನ್ ಇಲ್ಲ ಎಂದರ್ಥ. ಗೋಡೆಯ ರೋಸೆಟ್ ಬಾಕ್ಸಿನಲ್ಲಿ ವೈರು ಸಡಿಲವಾಗಿದೆಯೋ ನೋಡಬಹುದಿತ್ತು. 676 ಬಂದರೆ ಆ ಕಡೆಯ ನಂಬರು ಎಂಗೇಜ್. 691 ಎಂದರೆ ಯೂಸರ್‌ನೇಮೋ ಪಾಸ್‌ವರ್ಡೋ ತಪ್ಪು, ಅಥವಾ ಕೊಂಡ ಗಂಟೆಗಳು ಮುಗಿದಿವೆ. 720 ಎಂಬ ಮಹಾಶಯರಿಗೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಟಿಸಿಪಿ/ಐಪಿಯನ್ನು ತೆಗೆದು ಮತ್ತೆ ಹಾಕುವ ಉಪಚಾರವಿತ್ತು. ಇವರೆಲ್ಲ ಕೆಲಸ ಮಾಡಿಕೊಡದಿದ್ದರೂ ಫೈಲು ಯಾವ ಟೇಬಲ್ಲಿನ ಮೇಲಿದೆ ಎಂದಾದರೂ ಹೇಳುತ್ತಿದ್ದರು. ತಾವು ಮಾತ್ರ ಎಲ್ಲ ಟೇಬಲ್ಲುಗಳ ಕಡೆಗೂ ಒಮ್ಮೆಗೇ ಕೈ ತೋರಿಸಿದಿರಿ.

ಕೈ ತೋರಿಸಿದ್ದೇ ತಡ, ಆ ಟೇಬಲ್ಲುಗಳ ಹಿಂದಿನವರೆಲ್ಲ ತಮ್ಮ ಶಿಷ್ಯವೃತ್ತಿ ಸ್ವೀಕರಿಸಿದರು.

ಮೊದಲನೆಯವರು ಸೇವಾದಾರರ ಸಹಾಯವಾಣಿಯವರು. ನಮ್ಮ ಮನೆಗೆ ಇದ್ದದ್ದು ಒಂದೇ ಫೋನ್ ಲೈನು. ಇಂಟರ್‌ನೆಟ್ ಬರುವುದೂ ಅದರಲ್ಲೇ, ಇಂಟರ್‌ನೆಟ್ ಬರುತ್ತಿಲ್ಲವೆಂದು ದೂರುವುದೂ ಅದರಲ್ಲೇ. ‘ಈಗ ಕನೆಕ್ಟ್ ಒತ್ತಿ, ಏನು ಬರುತ್ತೆ ಹೇಳಿ ಸಾರ್’ ಎನ್ನುತ್ತಿದ್ದಳು ಆ ಹುಡುಗಿ. ‘ನೀವು ಫೋನಿಡದೆ ನಾನು ಒತ್ತೋದು ಹೇಗಮ್ಮಾ?’ ‘ಹಾಗಾದರೆ ಇಟ್ಟು, ಒತ್ತಿ, ನೋಡಿ, ಮತ್ತೆ ಕಾಲ್ ಮಾಡಿ.’ ಮತ್ತೆ ಮಾಡಿದರೆ ಬೇರೆ ಹುಡುಗಿ, ಮೊದಲಿನಿಂದ ಕಥೆ. ಕೊನೆಗೆ ಅವರು ಕೊಡುತ್ತಿದ್ದ ಪರಿಹಾರ: ಮೋಡೆಮ್ಮಿನ ಹೊಸ ಡ್ರೈವರನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಿ, ಹೆಚ್ಚಿನ ವಿವರಕ್ಕೆ ನಮ್ಮ ವೆಬ್‌ಸೈಟ್ ನೋಡಿ. ಇದನ್ನು ಹೇಳುವಾಗ ಅವರ ದನಿಯಲ್ಲಿ ಎಳ್ಳಷ್ಟೂ ನಗೆ ಇರುತ್ತಿರಲಿಲ್ಲ. ಅಂಥ ತರಬೇತಿ.

ಎರಡನೆಯವರು ಕಂಪ್ಯೂಟರ್ ಅಂಗಡಿಯ ಹುಡುಗರು. ಏನೇ ಹೇಳಿ, ಅವರ ಬ್ಯಾಗಿನಿಂದ ಹೊರಬರುತ್ತಿದ್ದುದು ವಿಂಡೋಸ್ ಸಿ.ಡಿ. ಒಂದೇ. ‘ಫಾರ್ಮ್ಯಾಟ್ ಹೊಡೆದುಬಿಡೋಣ ಸಾರ್, ನೀಟಾಗುತ್ತೆ.’ ಕಂಬದ ಮೇಲೆ ವೈರಿನ ಜಾಯಿಂಟು ನೆಂದು ಕೂತಿರುವಾಗ ಹಾರ್ಡ್ ಡಿಸ್ಕ್ ಒರೆಸುವ ಈ ವೈದ್ಯವನ್ನು ನಮ್ಮ ಹಿರಿಯರು ಮುಂಚೆಯೇ ಕಂಡಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಮೂರನೆಯವರು ಲೈನ್‌ಮನ್. ದೂರು ಬರೆಸಿ ಡಾಕೆಟ್ ನಂಬರು ಪಡೆದ ಮೇಲೆ, ಮಳೆ ಹೊಳವಾದ ಒಂದು ಮಧ್ಯಾಹ್ನ ಅವರು ಬರುತ್ತಿದ್ದರು. ಸೊಂಟದ ಟೆಸ್ಟ್ ಫೋನನ್ನು ವೈರಿಗೆ ಕಚ್ಚಿಸಿ ಕಿವಿಗಿಟ್ಟು, ಕಾಫಿ ಕುಡಿದು, ತೀರ್ಪು ಕೊಡುತ್ತಿದ್ದರು: ‘ಟೋನ್ ಕ್ಲಿಯರಾಗಿದೆ ಸಾರ್. ಪ್ರಾಬ್ಲಮ್ ನಿಮ್ಮ ಕಂಪ್ಯೂಟರಿಂದೇ.’ ಅವರ ಮಾತು ಸುಳ್ಳಲ್ಲ. ಟೋನ್ ಕ್ಲಿಯರಾಗಿಯೇ ಇತ್ತು, ಮನುಷ್ಯರ ಕಿವಿಗೆ. ಫೋನಿನ ಜಾಲ 300ರಿಂದ 3,400 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ ಸಾಗಿಸುತ್ತದೆ. ಅಷ್ಟೇ ಜಾಗದಲ್ಲಿ ಗರಗರ ಸದ್ದಿನ ನಡುವೆಯೂ ಚಿಕ್ಕಮ್ಮನ ದನಿ ನಮಗೆ ತಿಳಿಯುತ್ತದೆ, ಬಿಟ್ಟುಹೋದ ಪದವನ್ನು ನಾವೇ ತುಂಬಿಕೊಳ್ಳುತ್ತೇವೆ. ಮೋಡೆಮ್ಮಿಗೆ ಆ ಔದಾರ್ಯವಿಲ್ಲ. ಅಡಿಕೆ ತೋಟಗಳ ನಡುವೆ, ಮರದ ಟೊಂಗೆಗಳನ್ನು ಸವರಿಕೊಂಡು, ನಾಲ್ಕಾರು ಕಡೆ ಟೇಪು ಸುತ್ತಿಸಿಕೊಂಡು ಬರುವ ತಾಮ್ರದ ಜೋಡಿಯಲ್ಲಿ ಒಂದು ಜಾಯಿಂಟಿಗೆ ನೀರಿಳಿದರೂ ಸಾಕು, ಅದು ಕೈಕುಲುಕುವುದನ್ನೇ ನಿಲ್ಲಿಸುತ್ತದೆ. ಡಬ್ಬದ ಮೇಲೆ 56ಕೆ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತಿತ್ತು. 1998ರ ವಿ.90 ಮಾನದಂಡದ ಆ ವೇಗ ಸಿಗಬೇಕಾದರೆ ದಾರಿಯಲ್ಲಿ ಅನಲಾಗ್‌ನಿಂದ ಡಿಜಿಟಲ್‌ಗೆ ಒಂದೇ ತಿರುವು ಇರಬೇಕು. ಇನ್ನೊಂದು ಬಂದರೆ 33.6. ನಮ್ಮ ಪರದೆಯ ಮೂಲೆಯಲ್ಲಿ 28.8 ಕಂಡರೆ ಅಂದು ಮನೆಯಲ್ಲಿ ಪಾಯಸ. ಆದರೆ ಟೋನ್ ಕ್ಲಿಯರಾಗಿದೆ ಎಂದವರ ರಿಜಿಸ್ಟರಿನಲ್ಲಿ ದೂರು ಮುಕ್ತಾಯ.

ಹೀಗೆ ಸೇವಾದಾರರು ಲೈನಿನ ಕಡೆಗೆ, ಲೈನಿನವರು ಕಂಪ್ಯೂಟರಿನ ಕಡೆಗೆ, ಕಂಪ್ಯೂಟರಿನವರು ವಿಂಡೋಸಿನ ಕಡೆಗೆ, ವಿಂಡೋಸು ತಮ್ಮ ಮುಖೇನ ಎಲ್ಲರ ಕಡೆಗೂ ಬೆರಳು ತೋರಿಸಿ ಕೈತೊಳೆದುಕೊಂಡರು. ಇದಕ್ಕೆ ಟ್ರಬಲ್‌ಶೂಟಿಂಗ್ ಎಂದು ಹೆಸರು. ದೋಷ ತಮ್ಮ ಹತ್ತಿರ ಇಲ್ಲವೆಂದು ಸಾಬೀತು ಮಾಡುವುದರಲ್ಲಿ ಇವರೆಲ್ಲ ಪರಿಣತರು. ದೋಷ ಎಲ್ಲಿದೆ ಎಂದು ಹುಡುಕುವುದು ಯಾರ ಕೆಲಸದ ಪಟ್ಟಿಯಲ್ಲೂ ಇರಲಿಲ್ಲ.

ಆ ಕೆಲಸ ನಮಗೆ ಬಂತು, ನಮ್ಮ ಕಿವಿಗೆ ಬಂತು. ತಮ್ಮ ಕಾಲದ ಏಕೈಕ ಪ್ರಾಮಾಣಿಕ ದಾಖಲೆ ಎಂದರೆ ಮೋಡೆಮ್ಮಿನ ಸ್ಪೀಕರು. ಅದನ್ನು ಕರ್ಕಶ ಎಂದು ಬೈದವರು ಅದರ ಭಾಷೆ ಕಲಿಯದವರು. ಮೊದಲು ಡಯಲ್ ಟೋನಿನ ಗುಂಯ್. ಅದು ಕೇಳಿಸುತ್ತಿದ್ದರೂ ‘ಡಯಲ್ ಟೋನ್ ಇಲ್ಲ’ ಎಂದು ಮೋಡೆಮ್ ಹಟ ಹಿಡಿದರೆ, ಅದಕ್ಕೆ ನಮ್ಮ ಎಕ್ಸ್‌ಚೇಂಜಿನ ಟೋನಿನ ಗುರುತಿಲ್ಲ ಎಂದರ್ಥ. ಮೋಡೆಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್‌ನೊಳಗೆ ಎಕ್ಸ್‌ಟ್ರಾ ಸೆಟ್ಟಿಂಗ್ಸ್ ಎಂಬ ಖಾಲಿ ಮನೆಯಲ್ಲಿ ಎಕ್ಸ್3 ಎಂದು ಎರಡೇ ಅಕ್ಷರ ಬರೆದರೆ ಟೋನಿಗೆ ಕಾಯದೆ ನಂಬರು ಒತ್ತುತ್ತಿತ್ತು. ಈ ಮಂತ್ರವನ್ನು ಯಾವ ಸಹಾಯವಾಣಿಯೂ ಹೇಳಲಿಲ್ಲ. ಸೈಬರ್ ಕೆಫೆಯ ಹುಡುಗರು ಹೇಳಿದರು. ಆಮೇಲೆ ನಂಬರಿನ ಟಪಟಪ: ಟೋನ್ ಆದರೆ ಸರಸರ ಮುಗಿಯುತ್ತದೆ, ಪಲ್ಸ್ ಆದರೆ ಒಂಬತ್ತಕ್ಕೆ ಒಂಬತ್ತು ಸಲ ಕಟಕಟ. ಹಳೆಯ ಎಕ್ಸ್‌ಚೇಂಜಿನಲ್ಲಿ ಟೋನ್ ಡಯಲ್ ಒತ್ತಿದರೆ ಅದಕ್ಕೆ ಅರ್ಥವಾಗದೆ ಸುಮ್ಮನಿರುವುದು, ತಾವು ಪ್ರತ್ಯಕ್ಷರಾಗುವುದು. ನಂತರ ಆ ಕಡೆ ರಿಂಗು. ಅದು ಆಗುತ್ತಲೇ ಇದ್ದು ಯಾರೂ ಎತ್ತದಿದ್ದರೆ ದೋಷ ನಮ್ಮ ಮನೆಯದಲ್ಲ ಎಂದು ಧೈರ್ಯವಾಗಿ ಹೇಳಬಹುದಿತ್ತು. ಎತ್ತಿದರೆ 2,100 ಹರ್ಟ್ಸ್‌ನ ಒಂದೇ ಸಮನೆಯ ಕುಯ್ಯ್, ಅದರ ಹಿಂದೆ ಎರಡೂ ಕಡೆಯವರ ಸವಾಲ್-ಜವಾಬ್, ಆಮೇಲೆ ಮಳೆ ಸುರಿದಂಥ ಭೋರ್. ಭೋರ್ ನಿಂತು ಮೌನವಾದರೆ ಗೆದ್ದೆವು. ಭೋರ್ ಮುಗಿಯುವ ಮೊದಲೇ ಮತ್ತೆ ಕುಯ್ಯ್ ಶುರುವಾದರೆ, ಲೈನಿನ ಗದ್ದಲಕ್ಕೆ ಹೆದರಿ ಇನ್ನೂ ಕಡಿಮೆ ವೇಗಕ್ಕೆ ಚೌಕಾಶಿ ನಡೆದಿದೆ ಎಂದು ತಿಳಿಯಬೇಕು. ನಾಡಿ ಹಿಡಿದು ರೋಗ ಹೇಳುವ ಪಂಡಿತರು ನಮ್ಮೂರಲ್ಲಿ ಆ ಹೊತ್ತಿಗೆ ಕಡಿಮೆಯಾಗಿದ್ದರು. ಮೋಡೆಮ್ ಕೇಳಿ ರೋಗ ಹೇಳುವ ಹೈಸ್ಕೂಲು ಮಕ್ಕಳು ಕೇರಿಗೊಬ್ಬರಿದ್ದರು.

ಇನ್ನು ಮನೆಯೊಳಗಿನ ವಿಪತ್ತು. ನಡುಮನೆಯಲ್ಲಿ ಒಂದು ಫೋನು, ಅಡುಗೆಮನೆಯ ಹತ್ತಿರ ಅದಕ್ಕೊಂದು ಪ್ಯಾರಲಲ್. ಕಡತ ಇಳಿಯುತ್ತಿರುವಾಗ ಅಮ್ಮ ಅತ್ತಲಿಂದ ರಿಸೀವರ್ ಎತ್ತಿ, ‘ಅಯ್ಯೋ, ಒಳಗೆ ಯಾರೋ ಕಿರುಚ್ತಾ ಇದಾರಲ್ಲೋ!’ ಎಂದು ಕೂಗಿದರೆ ಸಂಪರ್ಕ ಅಲ್ಲಿಗೆ ತುಂಡು. ಆ ಕಾಲದಲ್ಲಿ ಕನ್ನಡ ಟೈಪು ಮಾಡಲು ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಇಳಿಸಿಕೊಳ್ಳುವುದು ನಮ್ಮೆಲ್ಲರ ಆಸೆ. ಪವನಜ ಅವರ ‘ವಿಶ್ವಕನ್ನಡ’ ತಾಣವಂತೂ 1996ರಿಂದಲೇ ಇತ್ತು. ಸೆಕೆಂಡಿಗೆ 3 ಕೆಬಿ ಬಂದರೆ 5 ಎಂಬಿಯ ಕಡತಕ್ಕೆ ಇಪ್ಪತ್ತೈದು ನಿಮಿಷ ದಾಟುತ್ತದೆ. ಮೂರು ನಿಮಿಷಕ್ಕೊಂದು ಪಲ್ಸಿನಂತೆ ಮೀಟರು ಓಡುತ್ತದೆ. ಶೇಕಡಾ 90ಕ್ಕೆ ಬಂದಾಗ ಯಾರೋ ಮದುವೆಗೆ ಕರೆಯಲು ಫೋನು ಹುಡುಕುತ್ತಾರೆ. ಮತ್ತೆ ಸೊನ್ನೆಯಿಂದ ಶುರು, ಗೆಟ್‌ರೈಟ್‌ನಂಥ ತಂತ್ರಾಂಶ ಇದ್ದವರು ಮಾತ್ರ ಬಿಟ್ಟಲ್ಲಿಂದ ಮುಂದುವರಿಸುವ ಭಾಗ್ಯವಂತರು. ಇಷ್ಟರ ನಡುವೆ ಗುಡುಗಿದರೆ ಎದ್ದುಬಿದ್ದು ಓಡಿ ವೈರು ಕಿತ್ತಿಡಬೇಕು. ಮಲೆನಾಡಿನ ಸಿಡಿಲು ಫೋನಿನ ತಂತಿ ಹಿಡಿದು ಬಂದು ಮೋಡೆಮ್ ಕಾರ್ಡನ್ನು ಸುಟ್ಟುಹಾಕಿದ್ದು ಒಂದೆರಡು ಮನೆಯಲ್ಲಲ್ಲ. ಸುಟ್ಟ ಮೇಲೂ ಪರದೆಯಲ್ಲಿ ನಂಬರೊಂದು ಬರುತ್ತಿತ್ತು ಎನ್ನಿ. ಅದು ತಮ್ಮದಲ್ಲ, 630 ಅವರ ಖಾತೆ.

ಮಾನ್ಯರೇ, ದೊಡ್ಡ ಅಧಿಕಾರಿಗಳಿಗೆ ನಿವೃತ್ತಿಯ ನಂತರ ಮರುನೇಮಕ ಸಿಗುವುದು ನಮ್ಮಲ್ಲಿ ಸಂಪ್ರದಾಯ. ತಮಗೂ ಸಿಕ್ಕಿತು. 2005ರಿಂದ ಮನೆಮನೆಗೆ ಬ್ರಾಡ್‌ಬ್ಯಾಂಡ್ ಬಂದಾಗ, ಡಯಲ್ ಮಾಡುವ ಕಾಲವೇ ಹೋಯಿತೆಂದು ನಾವು ಹಿಗ್ಗಿದೆವು. ಆದರೆ ವಿಂಡೋಸ್ ಎಕ್ಸ್‌ಪಿಯಲ್ಲಿ ಬ್ರಾಡ್‌ಬ್ಯಾಂಡ್ ಐಕಾನ್ ಒತ್ತಿದರೆ ಅದೇ ಚೌಕ, ಅದೇ 678. ಹೊಸ ಸೇವೆಗೂ ಯೂಸರ್‌ನೇಮ್ ಕೇಳಿ ಕೂಗುವ ಹಳೆಯ ಪದ್ಧತಿಯನ್ನೇ ಹೊಲಿದಿದ್ದರಿಂದ ತಾವು ಕುರ್ಚಿ ಸಮೇತ ವರ್ಗವಾಗಿ ಬಂದಿರಿ. ವಿಂಡೋಸ್ 7 ಬಂದಮೇಲೆ ಆ ಕುರ್ಚಿಯಲ್ಲಿ 651 ಕೂತರು. ನಂಬರು ಬದಲಾಯಿತು, ಉತ್ತರ ಅದೇ ಇತ್ತು.

ಈಗ ಮನೆಗೆ ಗಾಜಿನೆಳೆಯ ಫೈಬರ್ ಬಂದಿದೆ. ಮೂಲೆಯ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬ ದೀಪವಿದೆ. ಎಳೆಯಲ್ಲಿ ಬೆಳಕು ಬರುವುದು ನಿಂತರೆ ಅದು ಕೆಂಪಾಗುತ್ತದೆ. ಅಂದರೆ ಕಂಪ್ಯೂಟರಿನದಲ್ಲ, ವೈಫೈಯದಲ್ಲ, ಪಾಸ್‌ವರ್ಡಿನದಲ್ಲ, ಪೆಟ್ಟಿಗೆಗೆ ಬರುವ ಫೈಬರಿನ ದಾರಿಯದೇ ದೋಷ. ತಮ್ಮ ವಂಶದಲ್ಲಿ ಜಾಗ ಹೇಳುವ ಬುದ್ಧಿ ಒಂದು ದೀಪಕ್ಕಾದರೂ ಬಂದಿತಲ್ಲ ಎಂದು ಸಂತೋಷಪಟ್ಟು ಸಹಾಯವಾಣಿಗೆ ಕರೆ ಮಾಡಿದರೆ, ಕೆಂಪು ದೀಪದ ಕಥೆಯನ್ನು ಪೂರ್ತಿ ಕೇಳಿ ಅವರೆನ್ನುತ್ತಾರೆ: ‘ರೂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ ಸಾರ್.’ ಯಂತ್ರ ಕಲಿತಿದೆ, ಶಿಷ್ಯರು ಇನ್ನೂ ತಮ್ಮ ಶಾಲೆಯಲ್ಲೇ ಇದ್ದಾರೆ.

ಆದಕಾರಣ, ತಮ್ಮ ಪಿಂಚಣಿ ಕಾಗದಗಳ ಮೇಲೆ ಗ್ರಾಹಕರ ಬೇಬಾಕಿ ಪ್ರಮಾಣಪತ್ರ ಕೇಳಿದಲ್ಲಿ ನನ್ನ ಸಹಿ ಸಿಗುವುದಿಲ್ಲವೆಂದು ತಿಳಿಸಬಯಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಹಳೆಯ ಗ್ರಾಹಕ

ಪ್ರತಿಗಳು: ಶ್ರೀ 651 ಅವರಿಗೆ, ಸೂಕ್ತ ಕ್ರಮಕ್ಕಾಗಿ. ಓದುಗರಿಗೆ, ಮಾಹಿತಿಗಾಗಿ: ಎಲ್‌ಒಎಸ್ ದೀಪ ಕೆಂಪಾಗಿದ್ದರೆ ಏನನ್ನೂ ಫಾರ್ಮ್ಯಾಟ್ ಮಾಡಿಸಬೇಡಿ. ಹಳದಿ ಫೈಬರ್ ವೈರು ಎಲ್ಲಾದರೂ ಮಡಚಿದೆಯೇ ನೋಡಿ. ಇಲ್ಲವೆಂದಾದರೆ ದೂರಿನ ನಂಬರು ಪಡೆದು, ‘ಎಲ್‌ಒಎಸ್ ಕೆಂಪು’ ಎಂಬ ಎರಡೇ ಪದ ಬರೆಸಿ, ಲೈನ್‌ಮನ್‌ರನ್ನೇ ಕಳಿಸಿ ಎಂದು ಪಟ್ಟು ಹಿಡಿಯಿರಿ.