ಹೆಗ್ಗಣ ಮುದ್ದಾಗುವ ಬಗೆ

ಆಧಾರ್ ಕಾರ್ಡಿನ ಫೋಟೊ ನೋಡಿ ಖುಷಿಪಟ್ಟವರು ಈ ದೇಶದಲ್ಲಿ ಯಾರೂ ಇರಲಾರರು. ಬೈಗುಳವೆಲ್ಲ ಕ್ಯಾಮೆರಾಕ್ಕೆ, ಇಲ್ಲವೇ ಅದರ ಹಿಂದೆ ಕೂತಿದ್ದ ಹುಡುಗನಿಗೆ. ಪಾಪ, ಇಬ್ಬರೂ ನಿರಪರಾಧಿಗಳು. ನಮಗೆ ಗೊತ್ತಿರುವ ನಮ್ಮ ಮುಖ ಕನ್ನಡಿಯದು. ಅಲ್ಲಿ ಎಡವೆಲ್ಲ ಬಲ. ಬೈತಲೆ ಆಚೆ ಬದಿಗೆ ಹೋಗಿರುತ್ತದೆ, ಕೆನ್ನೆಯ ಮಚ್ಚೆ ಜಾಗ ಬದಲಿಸಿರುತ್ತದೆ. 1977ರಲ್ಲಿ ಅಮೆರಿಕದ ಸಂಶೋಧಕರು ಕೆಲವು ಯುವತಿಯರ ಮುಂದೆ ಅವರದೇ ಎರಡು ಚಿತ್ರ ಇಟ್ಟರು. ಒಂದು ಇದ್ದ ಹಾಗೆ, ಇನ್ನೊಂದು ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗಿಸಿದ್ದು. ಹೆಚ್ಚಿನವರು ಕನ್ನಡಿಯ ಚಿತ್ರಕ್ಕೆ ಮನಸೋತರು; ಅವರ ಗೆಳತಿಯರಲ್ಲಿ ಹೆಚ್ಚಿನವರಿಗೆ ಇದ್ದ ಹಾಗಿರುವುದೇ ಹಿಡಿಸಿತು. ಮೂಗು ಕೂದಲೆಳೆಯಷ್ಟೂ ಬೆಳೆದಿರಲಿಲ್ಲ, ಆದರೂ ತೀರ್ಪು ಎರಡಾಯಿತು. ಯಾವುದು ಕಣ್ಣಿಗೆ ರೂಢಿಯೋ ಅದೇ ಚೆಲುವು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವಾಗ ನಾವು ತಾಯಿಯ ಕುರುಡು ಮಮತೆಯನ್ನು ಹಂಗಿಸುತ್ತೇವೆ. ಹಗಲೂ ರಾತ್ರಿ ಹೆಗ್ಗಣವನ್ನೇ ನೋಡುವವಳಿಗೆ ಅದು ಮುದ್ದೆನಿಸದೆ ಇನ್ನೇನು?

‘ಹಾಗಾದರೆ ದಿನಾ ಟ್ರಾಫಿಕ್ ಜಾಮಿನಲ್ಲಿ ಕೂತು ನೋಡುವ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ಇಷ್ಟು ಹೊತ್ತಿಗೆ ಸ್ವರ್ಗವಾಗಬೇಕಿತ್ತಲ್ಲ?’ ಎಂದು ಯಾರಾದರೂ ಕೇಳಿಯಾರು. ನ್ಯಾಯವಾದ ಪ್ರಶ್ನೆ. ಅರ್ಥವಾಗದ ಅಕ್ಷರಗಳೂ ಪದಗಳೂ ಮತ್ತೆ ಮತ್ತೆ ಕಣ್ಣಿಗೆ ಬಿದ್ದರೆ ಜನಕ್ಕೆ ಹೆಚ್ಚು ಇಷ್ಟವಾಗುತ್ತವೆ ಎಂದು 1968ರಲ್ಲಿ ತೋರಿಸಿದವರು ಮನೋವಿಜ್ಞಾನಿ ರಾಬರ್ಟ್ ಝಾಯಂಕ್. ಆದರೆ ಮೊದಲ ನೋಟಕ್ಕೇ ಹಗೆ ಹುಟ್ಟಿದ್ದರೆ ರೂಢಿ ಕೈಹಿಡಿಯುವುದಿಲ್ಲ; ಅತಿಯಾದರೆ ಬೇಸರ ಬರುತ್ತದೆ ಎಂಬುದೂ ಮುಂದಿನ ಪ್ರಯೋಗಗಳಲ್ಲಿ ಕಂಡಿತು. ಸಿಲ್ಕ್ ಬೋರ್ಡಿನಲ್ಲಿ ಎರಡೂ ಧಾರಾಳವಾಗಿವೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಕೆಲವೇ ತಿಂಗಳ ಕೂಸು ಕೂಡ ದೊಡ್ಡವರು ಚೆಂದವೆನ್ನುವ ಮುಖವನ್ನೇ ಹೆಚ್ಚು ಹೊತ್ತು ನೋಡುತ್ತದೆ, ಅದಕ್ಕೆ ಯಾವ ರೂಢಿ? ಉತ್ತರದ ಒಂದು ತುದಿ ಬ್ರಿಟಿಷ್ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಅವರ ಪೇಚಾಟದಲ್ಲಿದೆ. 1870ರ ದಶಕದಲ್ಲಿ ಅವರು ‘ಅಪರಾಧಿಯ ಮುಖ’ ಹೇಗಿರುತ್ತದೆಂದು ಕಂಡುಹಿಡಿಯಲು ಹೊರಟು ಕೈದಿಗಳ ಫೋಟೊಗಳನ್ನು ಒಂದರ ಮೇಲೊಂದು ಮೂಡಿಸಿದರು. ಭಯಂಕರ ಖದೀಮ ಬರಬೇಕಿದ್ದ ಜಾಗದಲ್ಲಿ, ಕೈದಿಗಳೆಲ್ಲರಿಗಿಂತ ಲಕ್ಷಣವಾದ ಒಬ್ಬ ಮನುಷ್ಯ ಬಂದು ಕೂತ! 1990ರಲ್ಲಿ ಕಂಪ್ಯೂಟರಿನಿಂದ ಮುಖಗಳನ್ನು ಬೆರೆಸಿದಾಗಲೂ ಹೀಗೇ ಆಯಿತು. ನಾವು ಅಪ್ರತಿಮ ಸೌಂದರ್ಯವೆಂದು ಹೊಗಳುವುದರ ಬಹುಪಾಲು, ಕಂಡ ಮುಖಗಳ ಸರಾಸರಿ. ತೊಟ್ಟಿಲಲ್ಲಿ ಮಲಗಿ ಮನೆಮಂದಿಯ ಮುಖಗಳನ್ನು ಪಿಳಿಪಿಳಿ ನೋಡುವ ಕೂಸೂ ಆಗಲೇ ಸರಾಸರಿ ಲೆಕ್ಕಕ್ಕೆ ಕೂತಿರುತ್ತದೆ. ಹುಟ್ಟಿನಿಂದಲೇ ಬಂದ ಒಲವು ಒಂದಿಷ್ಟು ಇರಲಿ. ಅದರ ಮೇಲೆ ಮಹಡಿ ಕಟ್ಟುವುದು ಮಾತ್ರ ರೂಢಿಯೇ.

ಆ ಮಹಡಿಯನ್ನು ಗುತ್ತಿಗೆ ಹಿಡಿದದ್ದು ಮಾರುಕಟ್ಟೆ. ರಾಗಿಮುದ್ದೆ ಉಂಡು ಬೆಳೆದ ನಾಡಿನ ಮದುವೆ ಜಾಹೀರಾತುಗಳಲ್ಲಿ ಹುಡುಗಿ ‘ಗೋಧಿ ಮೈಬಣ್ಣ’ದವಳು, ರಾಗಿಯ ಬಣ್ಣದವಳೆಂದು ಬರೆಸುವ ತಂದೆ ಇನ್ನೂ ಹುಟ್ಟಬೇಕು. ಫೇರ್ ಅಂಡ್ ಲವ್ಲಿ ಕ್ರೀಮು ಪೇಟೆಗೆ ಬಂದದ್ದು 1975ರಲ್ಲಿ. ಹೆಸರಿನಿಂದ ‘ಫೇರ್’ ಉದುರಿದ್ದು 2020ರಲ್ಲಿ. ಕ್ರೀಮು ಹುಟ್ಟುವ ಮೊದಲೂ ಬಿಳಿಯ ಮೋಹ ಇತ್ತು, ನಿಜ. ಆದರೆ ಅದಕ್ಕೆ ದಿನಾ ನೀರೆರೆದದ್ದು ಈ 45 ವರ್ಷಗಳ ಜಾಹೀರಾತು. ಇಷ್ಟಾದರೂ ಬೇಲೂರಿಗೆ ಹೋದವರು ಚೆನ್ನಕೇಶವ ದೇಗುಲದ ದರ್ಪಣಸುಂದರಿಯನ್ನು ಕತ್ತು ನೋಯುವವರೆಗೂ ನೋಡುತ್ತಾರೆ. ಬಳಪದ ಕಲ್ಲು, ಗಾಳಿಬಿಸಿಲಿಗೆ ಕಪ್ಪಿಟ್ಟ ಮೈ. ತೋಳಿನ ಬಳೆ, ಕೊರಳ ಹಾರದ ಒಂದೊಂದು ಎಳೆಯೂ ಎಣಿಸುವಷ್ಟು ಸ್ಪಷ್ಟ. ಕನ್ನಡಿ ಹಿಡಿದು ತನ್ನನ್ನು ತಾನೇ ಮೆಚ್ಚಿ ನಿಂತ ಠೀವಿ. ಈಕೆ ಸ್ವಲ್ಪ ಬೆಳ್ಳಗಿದ್ದಿದ್ದರೆ ಎಂದು ಯಾವ ಅತ್ತೆಯೂ ಗೊಣಗಿಲ್ಲ. ಆಮೇಲೆ ಅವಳ ಕೆಳಗೇ ನಿಂತು ಸೆಲ್ಫಿ ತೆಗೆದು, ಮುಖ ಬೆಳ್ಳಗಾಗುವ ಫಿಲ್ಟರ್ ಹಾಕುತ್ತಾರೆ! ಕಲ್ಲಿನ ವಿಷಯದಲ್ಲಿ ಪಳಗಿದ ಕಣ್ಣು ಚರ್ಮದ ವಿಷಯದಲ್ಲಿ ಪಳಗಲಾರದೇಕೆ? ಕಲಿಸಿದ್ದನ್ನೆಲ್ಲ ಕಲಿಯುವ ಕಣ್ಣಿಗೆ ಬೇರೆ ಪಾಠವನ್ನೂ ಕಲಿಸಬಹುದು.

ಆದ್ದರಿಂದ ಹೆಣ್ಣು ನೋಡಲು, ಗಂಡು ನೋಡಲು ಹೊರಟವರಲ್ಲಿ ಒಂದು ವಿನಂತಿ: ಒಂದು ತಟ್ಟೆ ಉಪ್ಪಿಟ್ಟು ಮುಗಿಯುವಷ್ಟರಲ್ಲಿ ಯಾರ ರೂಪಕ್ಕೂ ಅಂಕ ಕೊಡಬೇಡಿ. ಅಷ್ಟು ಹೊತ್ತಿನಲ್ಲಿ ನಿರ್ಣಯಿಸಬಹುದಾದದ್ದು ಉಪ್ಪಿಟ್ಟು ಮಾತ್ರ.