ಪಿಕಪ್ಪಿಗೊಂದು ಮೆಟ್ಟಿಲು

ಟೆಕ್ಸಸ್ಸಿನಲ್ಲಿ ಪಿಕಪ್ ಇಟ್ಟುಕೊಂಡವನಿಗೆ ಸ್ನೇಹಿತರ ಬರ ಎಂಬುದಿಲ್ಲ. ಮನೆ ಬದಲಾಯಿಸುವವರು, ಹಳೆಯ ಸೋಫಾ ಕೊಂಡವರು, ಹಿತ್ತಲಿಗೆ ಗೊಬ್ಬರದ ಚೀಲ ತರಿಸಬೇಕಾದವರು, ಎಲ್ಲರಿಗೂ ಶನಿವಾರ ಬೆಳಗಾಗುತ್ತಲೇ ನನ್ನ ನೆನಪಾಗುತ್ತದೆ. ಕನ್ನಡ ಸಂಘದಲ್ಲಿ ನನಗೆ ಯಾವ ಪದವಿಯೂ ಇಲ್ಲ. ಆದರೂ ರಾಜ್ಯೋತ್ಸವ ಹತ್ತಿರ ಬಂತೆಂದರೆ ಮುಖ್ಯ ಅತಿಥಿಗಿಂತ ಮೊದಲು ಫೋನು ಬರುವುದು ನನಗೆ. ಬಿಸಿಬೇಳೆ ಬಾತಿನ ಕೊಳಗ, ಮೈಕ್ ಸೆಟ್ಟು, ಭುವನೇಶ್ವರಿಯ ಪಟ, ಮಡಚುವ ಕುರ್ಚಿಗಳು ಇವೆಲ್ಲ ನನ್ನ ಗಾಡಿಯಲ್ಲೇ ಸಭಾಂಗಣ ಸೇರಬೇಕು.

ಸಾಮಾನೇನೋ ಏರುತ್ತದೆ. ಏರದವನು ನಾನು. ಹಿಂಬಾಗಿಲನ್ನು, ಅಂದರೆ ಟೈಲ್‌ಗೇಟನ್ನು, ಕೆಳಗೆ ಮಲಗಿಸಿದರೂ ಅದರ ಅಂಚು ನೆಲದಿಂದ ಮೂರಡಿ ಮೇಲಿರುತ್ತದೆ. ನಾನು ಐದಡಿ ನಾಲ್ಕಿಂಚಿನವನು. ಮೊದಲು ಮೊಣಕೈ, ಆಮೇಲೆ ಹೊಟ್ಟೆ, ಅದಾದ ಮೇಲೆ ಒಂದು ಮಂಡಿ, ಹೀಗೆ ಕಂತಿನಲ್ಲಿ ಮೇಲೆ ಹೋಗುತ್ತೇನೆ. ನಮ್ಮ ತೀರ್ಥಹಳ್ಳಿ ಕಡೆ ಅಡಿಕೆ ಮೂಟೆ ಹೇರುವ ಹುಡುಗರು ಚಕ್ರದ ಮೇಲೊಂದು ಕಾಲಿಟ್ಟು, ಹಲಗೆಗೊಂದು ಕೈ ಕೊಟ್ಟು, ಬೀಡಿಯನ್ನೂ ಬಾಯಿಂದ ತೆಗೆಯದೆ ಮೇಲಿರುತ್ತಿದ್ದರು. ಅದೇ ವಿದ್ಯೆಯನ್ನು ಇಲ್ಲಿ ತೋರಿಸಲು ಹೋದರೆ, ಚಕ್ರ ಮಡ್‌ಗಾರ್ಡಿನೊಳಗೆ ಹುದುಗಿಕೊಂಡಿದೆ, ಹೆಬ್ಬೆರಳಿಗಷ್ಟೇ ಜಾಗ.

ಈ ಸಂಕಟ ನನ್ನೊಬ್ಬನದಲ್ಲವಂತೆ. 1977ರಿಂದ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುತ್ತಿರುವ ಪಿಕಪ್ ಎಂದರೆ ಫೋರ್ಡಿನ ಎಫ್-ಸರಣಿ. ಆ ಫೋರ್ಡಿನವರೇ 2009ರ ಎಫ್-150ಯಲ್ಲಿ, ಬೇಕೆಂದವರಿಗೆ, ಟೈಲ್‌ಗೇಟಿನ ಒಳಗೇ ಒಂದು ಮೆಟ್ಟಿಲು ಅಡಗಿಸಿ ಕೊಟ್ಟರು. ಎಳೆದರೆ ಹೊರಬಂದು ಕೆಳಗೆ ಮಡಚಿಕೊಳ್ಳುತ್ತದೆ, ಕೈಗೆ ಆಸರೆಯಾಗಿ ಒಂದು ಕಂಬಿಯೂ ಎದ್ದು ನಿಲ್ಲುತ್ತದೆ. ಪ್ರತಿಸ್ಪರ್ಧಿ ಷೆವ್ರೊಲೆಯವರಿಗೆ ಇದಕ್ಕಿಂತ ಒಳ್ಳೆಯ ನಗೆಹನಿ ಸಿಕ್ಕೀತೆ? ಹೋವಿ ಲಾಂಗ್ ಎಂಬ ನಿವೃತ್ತ ಫುಟ್‌ಬಾಲ್ ಆಟಗಾರರನ್ನು ಮುಂದೆ ನಿಲ್ಲಿಸಿ, ಅದಕ್ಕೆ 'ಮ್ಯಾನ್ ಸ್ಟೆಪ್' ಎಂದು ಹೆಸರಿಟ್ಟು ಹಂಗಿಸುವ ಟೀವಿ ಜಾಹೀರಾತು ಮಾಡಿದರು. ಲಾಂಗ್ ಅವರ ಎತ್ತರ ಆರಡಿ ಐದಿಂಚು. ಅವರಿಗೆ ನಗು ಬರದೆ ಇನ್ನೇನು! ಆದರೆ ಕಾಲಚಕ್ರ ನೋಡಿ, 2014ರ ಷೆವ್ರೊಲೆ ಸಿಲ್ವರಾಡೊ ಬಂದಾಗ ಅದರ ಹಿಂದಿನ ಬಂಪರಿನ ಎರಡೂ ಮೂಲೆಗಳಲ್ಲಿ ಪಾದ ಇಡಲು ಗೂಡು ಕೊರೆದಿದ್ದರು. ಅದೇ ಮನೆತನದ ಜಿಎಂಸಿ ಸಿಯೆರಾ ತನ್ನ 2019ರ ಮಾದರಿಯಲ್ಲಿ ಆರು ಬಗೆಯಾಗಿ ಮಡಚುವ ಟೈಲ್‌ಗೇಟನ್ನೇ ತಂದಿತು. ಆ ಆರರಲ್ಲಿ ಒಂದು, 170 ಕಿಲೋ ತಾಳುವ ಮೆಟ್ಟಿಲು. ನಕ್ಕವರ ಮನೆಯಲ್ಲೇ ಎರಡೆರಡು ಸಲ ತೊಟ್ಟಿಲು ತೂಗಿತು.

ನನ್ನದು ಸೆಕೆಂಡ್‌ಹ್ಯಾಂಡ್ ಎಫ್-150. ಮೊದಲ ಯಜಮಾನ ಲಾಂಗ್ ಅವರ ಪೈಕಿಯೇ ಇರಬೇಕು, ಮೆಟ್ಟಿಲು ಹಾಕಿಸಿರಲಿಲ್ಲ. ಆದ್ದರಿಂದ ಹೊರಗೆ ಕೊಳ್ಳಬೇಕಾಯಿತು. ಹುಡುಗಿ ನೋಡಲು ಹೋದಾಗಲೂ ನಾನು ಇಷ್ಟೊಂದು ವಿಚಾರಿಸಿರಲಿಲ್ಲ ಎಂದು ಹೆಂಡತಿ ಈಗಲೂ ಹೇಳುತ್ತಾಳೆ.

ಎಲ್ಲಕ್ಕಿಂತ ಅಗ್ಗದ್ದು, ಟ್ರೇಲರ್ ಎಳೆಯುವುದಕ್ಕೆಂದು ಹಿಂದೆ ಇರುವ ಎರಡಿಂಚಿನ ಚೌಕದ ತೂತಿಗೆ ತುರುಕಿ ಪಿನ್ನು ಹಾಕುವ ಮೆಟ್ಟಿಲು. ಟೈಲ್‌ಗೇಟ್ ಮುಚ್ಚಿದ್ದಾಗ ಇದರ ಮೇಲೆ ನಿಂತು ಒಳಗೆ ಬಗ್ಗಬಹುದು. ತೆರೆದಿರೋ, ಗೇಟು ಅದರ ನೆತ್ತಿಯ ಮೇಲೇ ಚಾಚಿಕೊಂಡು ಮೆಟ್ಟಿಲು ಮಾಡಿನೊಳಗಾಗುತ್ತದೆ. ಟ್ರೇಲರ್ ಸಿಕ್ಕಿಸಿದ ದಿನ ಅದಕ್ಕೆ ರಜೆ. ಉಳಿದ ದಿನ ಹಿಂದಕ್ಕೆ ಚಾಚಿ ನಿಂತು, ಹೋಗಿಬರುವವರ ಮೊಣಕಾಲ ಕೆಳಗಿನ ಮೂಳೆಗಾಗಿ ಕಾಯುತ್ತಿರುತ್ತದೆ. ಇದನ್ನು ಹಾಕಿಸಿಕೊಂಡವರನ್ನು ಚಡ್ಡಿ ತೊಟ್ಟಾಗ ಗುರುತಿಸಬಹುದು.

ಟೈಲ್‌ಗೇಟಿನ ಒಳಮೈಗೆ ಬೋಲ್ಟ್ ಹಾಕಿ ಕೂರಿಸುವ ಏಣಿಯೂ ಇದೆ. ಹತ್ತುವುದಕ್ಕೆ ಸೊಗಸು, ಆದರೆ ಕೊಳಗ ಜಾರಿಸಬೇಕಾದ ದಾರಿಯಲ್ಲೇ ಅಡ್ಡ ಮಲಗಿರುತ್ತದೆ. ಕ್ಯಾಬಿನ್ನಿಗೂ ಹಿಂಚಕ್ರಕ್ಕೂ ನಡುವೆ ಪಕ್ಕದಲ್ಲಿ ಇಳಿಬೀಳುವ ಮೆಟ್ಟಿಲು, ಉಪಕರಣದ ಪೆಟ್ಟಿಗೆ ಇಟ್ಟುಕೊಳ್ಳುವ ಬಡಗಿ, ಪ್ಲಂಬರುಗಳಿಗೆ ಸರಿ. ಟೈರಿಗೆ ಸಿಕ್ಕಿಸುವ ಇನ್ನೊಂದನ್ನು ಗಾಡಿ ಹೊರಡುವ ಮುಂಚೆ ಕಡ್ಡಾಯವಾಗಿ ತೆಗೆಯಬೇಕು. "ಕನ್ನಡಕ ಹಣೆ ಮೇಲಿಟ್ಕೊಂಡು ಮನೆಯೆಲ್ಲ ಹುಡುಕೋರಿಗೆ ಅದು ಬೇಡ ರೀ" ಎಂದು ಹೆಂಡತಿ ಆ ಕಡತವನ್ನು ಅಲ್ಲಿಗೇ ಮುಚ್ಚಿದಳು.

ಊರಿಂದ ಬಂದಿದ್ದ ಅತ್ತೆ ಇದನ್ನೆಲ್ಲ ಕೇಳಿಸಿಕೊಂಡು ಸುಮ್ಮನೆ ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಕೊನೆಗೆ, "ಅಳಿಯಂದ್ರೇ, ಒಂದು ಮಣೆ ಇಟ್ಕೊಂಡ್ರೆ ಆಗಲ್ವಾ?" ಅಂದರು.

"ಮಣೆ ಮೂರಿಂಚೂ ಇರಲ್ಲ ಅತ್ತೆ."

"ಮಣೆ ಮೇಲೆ ಮಣೆ ಇಡಿ. ಮುನ್ನೂರು ಡಾಲರಿಗೆ ನಮ್ಮೂರಲ್ಲಿ ಉಪನಯನಕ್ಕಾಗುವಷ್ಟು ಮಣೆ ಬರ್ತವೆ."

ಸುಲಭಕ್ಕೆ ತಳ್ಳಿಹಾಕುವ ಮಾತಲ್ಲ. ಇಲ್ಲಿ ಎಷ್ಟೋ ಜನ ಹಾಲಿನ ಕ್ರೇಟು ಬೋರಲು ಹಾಕಿಯೇ ಹತ್ತುತ್ತಾರೆ. ಆದರೆ ಬಿಡಿಯಾದ ವಸ್ತು ಸಾಮಾನು ಇಳಿಸಿದಲ್ಲೇ ಉಳಿದುಬಿಡುತ್ತದೆ. ಅತ್ತೆಯ ಮಾತು ಕೇಳಿದ್ದರೆ ಡಲ್ಲಾಸಿನ ಪಾರ್ಕಿಂಗ್ ಲಾಟುಗಳಲ್ಲೆಲ್ಲ ಇಷ್ಟುಹೊತ್ತಿಗೆ ಪಂಕ್ತಿ ಹಾಕಬಹುದಿತ್ತು.

ಕೊನೆಗೆ ಒಪ್ಪಿಗೆಯಾದದ್ದು ಬಂಪರಿನ ಅಡಿಯಲ್ಲಿ ಮಡಚಿ ಕೂರುವ ಅಲ್ಯೂಮಿನಿಯಮ್ ಮೆಟ್ಟಿಲು. ಬೂಟಿನ ತುದಿಯಿಂದ ತಿವಿದರೆ ಕೆಳಗಿಳಿದು ಹೊರಚಾಚುತ್ತದೆ. ಟೈಲ್‌ಗೇಟ್ ತೆರೆದಿರಲಿ ಮುಚ್ಚಿರಲಿ, ಕಾಲಿಗೆ ಸಿಗುತ್ತದೆ. ತಾಳುವ ತೂಕ 300 ಪೌಂಡು, ನಮ್ಮ ಲೆಕ್ಕದಲ್ಲಿ 136 ಕಿಲೋ. ನನ್ನ ತೂಕ ಇಲ್ಲಿ ಅಪ್ರಸ್ತುತ. ತುಂಬಿದ ಕೊಳಗ ಹಿಡಿದು ನಾನು ಅದರ ಮೇಲೆ ನಿಲ್ಲುವಂತಿಲ್ಲ ಎಂದಷ್ಟು ತಿಳಿದರೆ ಸಾಕು.

ಆ ವರ್ಷದ ರಾಜ್ಯೋತ್ಸವದಲ್ಲಿ ಮೆಟ್ಟಿಲು ಕಂಡು ಮೊದಲು ನಕ್ಕವನು ಸಂಘಕ್ಕೆ ಹೊಸದಾಗಿ ಸೇರಿದ ಹುಡುಗ. ದಿನಾ ಜಿಮ್ಮಿಗೆ ಹೋಗುವವನು. "ಏನ್ ಸಾರ್, ವಯಸ್ಸಾಯ್ತಾ?" ಎಂದವನೇ ಟೈಲ್‌ಗೇಟಿಗೆ ಕೈ ಊರಿ ಹಾರಿ ಮೇಲೆ ನಿಂತ. ಹೆಣ್ಣುಮಕ್ಕಳು ನೋಡಿದರು. ಮೂರನೆಯ ಸಲ ಕುರ್ಚಿ ಹೇರುವ ಹೊತ್ತಿಗೆ ನೋಡುವವರು ಒಳಗೆ ರಂಗೋಲಿಗೆ ಹೋಗಿದ್ದರು. ಅವನು ಆಚೆ ಈಚೆ ಕಣ್ಣಾಡಿಸಿ, ಮೆಟ್ಟಿಲ ಮೇಲೆ ಕಾಲಿಟ್ಟೇ ಹತ್ತಿದ. ನಾನು ಭುವನೇಶ್ವರಿಯ ಪಟದ ಧೂಳು ಒರೆಸುವುದರಲ್ಲಿ ಮಗ್ನನಾದೆ. ರೇಷ್ಮೆ ಸೀರೆಯ ಖಜಾಂಚಿ ಮೇಡಮ್ಮಿಗೆ ಮಾತ್ರ ಇಂಥ ನಾಚಿಕೆಗಳಿಲ್ಲ. ನೆರಿಗೆ ಎತ್ತಿ ಹಿಡಿದು ಮೆಟ್ಟಿಲೇರಿ ಹೋಗಿ, ಕೊಳಗದ ಮುಚ್ಚಳ ತೆಗೆದು, "ಉಪ್ಪು ಕಮ್ಮಿ" ಎಂದು ಅಲ್ಲಿಂದಲೇ ಘೋಷಿಸಿದರು.

ಈಗ ಸಂಘದ ಆಚೆಗೂ ಸುದ್ದಿ ಹಬ್ಬಿದೆ. ಮೊನ್ನೆ ಪರಿಚಯವೇ ಇಲ್ಲದ ತೆಲುಗಿನವರೊಬ್ಬರು ಫೋನು ಮಾಡಿ, ಮಗಳ ಪಿಯಾನೊ ಸಾಗಿಸಬೇಕಿತ್ತು ಅಂದರು. ಊರಿನಲ್ಲಿ ಇನ್ನೂ ಎಷ್ಟೋ ಪಿಕಪ್ಪುಗಳಿವೆಯಲ್ಲ ಎಂದೆ.

"ಇದಾವೆ ಸಾರ್," ಅಂದರು ಅವರು, "ಆದ್ರೆ ನಿಮ್ಮದಕ್ಕೆ ಮೆಟ್ಟಿಲಿದೆಯಂತಲ್ಲ."